ಎಲೆಚುಕ್ಕೆಯ ಹೊಸ ಶಿಲೀಂಧ್ರ: ಸೂಕ್ಷ್ಮದರ್ಶಕವೋ, ಡಿಎನ್‌ಎಯೋ?

ಎಲೆಯ ಚುಕ್ಕೆಯಿಂದ ಒಂದು ಶಿಲೀಂಧ್ರ ಸಿಕ್ಕಿದೆ, ಹೊಸ ಪ್ರಭೇದ ಇರಬಹುದು ಅನ್ನಿಸುತ್ತಿದೆ. ಮೊದಲು ಯಾವ ದಾರಿ?

ಸೂಕ್ಷ್ಮದರ್ಶಕಕ್ಕೆ ಖರ್ಚು ಕಡಿಮೆ, ಉತ್ತರ ಅವತ್ತೇ ಸಿಗುತ್ತದೆ. ಆಲ್ಟರ್ನೇರಿಯಾ ಎಂಬ ಶಿಲೀಂಧ್ರ ಕುಲದ ಬೀಜಕವನ್ನು (ಶಿಲೀಂಧ್ರ ಹರಡುವ ಸೂಕ್ಷ್ಮ ಕಣ) ಒಮ್ಮೆ ನೋಡಿದರೆ ಮರೆಯುವುದಿಲ್ಲ: ಕಂದು ಬಣ್ಣ, ಅಡ್ಡಕ್ಕೂ ಉದ್ದಕ್ಕೂ ಗೋಡೆಗಳು, ತುದಿಯಲ್ಲಿ ಕೊಕ್ಕು. ಕುಲ ಗುರುತಿಸಲು ಇಷ್ಟು ಸಾಕು. ಆದರೆ ಕೊಲೆಟೋಟ್ರೈಕಮ್ ಎಂಬ ಇನ್ನೊಂದು ಕುಲದಲ್ಲಿ ಕಣ್ಣನ್ನು ನಂಬಿದರೆ ಮೋಸ ಹೋಗುತ್ತೀರಿ. ಎಷ್ಟೋ ಪ್ರಭೇದಗಳ ಬೀಜಕಗಳು ಒಂದೇ ಥರ ಇರುತ್ತವೆ.

ಡಿಎನ್‌ಎ ಅಲ್ಲಿ ಕೈ ಹಿಡಿಯುತ್ತದೆ. ಡಿಎನ್‌ಎಯ ಐಟಿಎಸ್ ಎಂಬ ಭಾಗವನ್ನು 2012ರಲ್ಲಿ ಶಿಲೀಂಧ್ರಗಳ ಬಾರ್‌ಕೋಡ್ ಆಗಿ, ಅಂದರೆ ಪ್ರಭೇದ ಗುರುತಿಸುವ ತುಣುಕಾಗಿ, ಒಪ್ಪಿಕೊಂಡರು. ಆದರೂ ಅದೊಂದನ್ನೇ ನೆಚ್ಚಿಕೊಂಡು ಸುಮ್ನೆ ಹೊಸ ಹೆಸರು ಇಡಬೇಡಿ. ಹತ್ತಿರದ ಪ್ರಭೇದಗಳಲ್ಲಿ ಅದು ಹೆಚ್ಚುಕಮ್ಮಿ ಒಂದೇ ಇರಬಹುದು. ಬೀಟಾ ಟ್ಯೂಬುಲಿನ್, ಜಿಎಪಿಡಿಎಚ್‌ನಂಥ ಜೀನ್‌ಗಳನ್ನೂ ಸೇರಿಸಿ ವಂಶವೃಕ್ಷ ಕಟ್ಟಬೇಕು. ಹೋಲಿಸುವಾಗ ಮೂಲ ಮಾದರಿಯ (ಪ್ರಭೇದಕ್ಕೆ ಹೆಸರಿಟ್ಟಾಗ ಆಧಾರವಾದ ಮಾದರಿ) ಡಿಎನ್‌ಎ ಅನುಕ್ರಮವನ್ನೇ ಹಿಡಿಯಿರಿ. ದತ್ತಾಂಶ ಕೋಶಗಳಲ್ಲಿ ತಪ್ಪು ಹೆಸರಿನವು ಜಾಸ್ತಿ ಇವೆ, ನನಗೆ ದೊಡ್ಡ ಚಿಂತೆ ಅದೇ.

ಬರೀ ರೋಗ ಗುರುತಿಸುವುದಾದರೆ ಸೂಕ್ಷ್ಮದರ್ಶಕ ಮತ್ತು ಐಟಿಎಸ್‌ನಿಂದ ಶುರು ಮಾಡಿ. ಹೊಸ ಹೆಸರು ಇಡುವುದಾದರೆ ಎರಡೂ ದಾರಿ ಪೂರ್ತಿ ಹಿಡಿಯಬೇಕು. ಒಂದೇ ಬೀಜಕದಿಂದ ಪ್ರಯೋಗಾಲಯದಲ್ಲಿ ಬೆಳೆಸಿದ ಶುದ್ಧ ಕಲ್ಚರ್ ಇರಲಿ. ಒಣಗಿಸಿದ ಮಾದರಿಯನ್ನು ಸಂಗ್ರಹಾಲಯಕ್ಕೆ ಕೊಡಿ. 2013ರಿಂದ ಮೈಕೋಬ್ಯಾಂಕ್‌ನಂಥ, ಶಿಲೀಂಧ್ರದ ಹೆಸರುಗಳನ್ನು ದಾಖಲಿಸುವ ಕೋಶದ ನೋಂದಣಿ ಸಂಖ್ಯೆ ಇಲ್ಲದೆ ಹೊಸ ಹೆಸರು ಮಾನ್ಯವಾಗುವುದಿಲ್ಲ.

ಒಂದು ಪ್ರಶ್ನೆಗೆ ಮಾತ್ರ ಈ ಎರಡೂ ದಾರಿಗಳು ಉತ್ತರ ಕೊಡುವುದಿಲ್ಲ: ಚುಕ್ಕೆಗೆ ಕಾರಣ ಇದೇನಾ? ಸತ್ತ ಅಂಗಾಂಶದ ಮೇಲೆ ಸುಮ್ಮನೆ ಬಂದು ಕೂರುವ ಶಿಲೀಂಧ್ರಗಳೂ ಇವೆ, ಅಲ್ವಾ? ಆರೋಗ್ಯವಾದ ಎಲೆಗೆ ಬೀಜಕ ಸಿಂಪಡಿಸಿ, ಅದೇ ಚುಕ್ಕೆ ಬರುತ್ತದಾ ನೋಡಿ, ಅದರಿಂದ ಅದೇ ಶಿಲೀಂಧ್ರವನ್ನು ಮತ್ತೆ ಬೇರ್ಪಡಿಸಿ.