ಅರ್ಧ ಇಳಿದ ಶಟರಿನೊಳಗೆ ಗೋಳಿಬಜೆ

ಮಂಗಳೂರಿನ ಹಂಪನಕಟ್ಟೆಯ ಒಳರಸ್ತೆಯೊಂದರಲ್ಲಿರುವ ಈ ಸಣ್ಣ ಹೋಟೆಲಿನ ಗೋಳಿಬಜೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ: ಹೊರಗೆ ಹೊಂಬಣ್ಣದ ಗರಿ, ಒಳಗೆ ಮೊಸರಿನ ಹುಳಿ ಹಿಡಿದ ಮೃದುತ್ವ, ನಡುವೆ ಹಲ್ಲಿಗೆ ಸಿಗುವ ಕಾಯಿಚೂರು, ಜೊತೆಗೆ ನೀರಾಗದ ಚಟ್ನಿ. ಕಾಫಿ ಸಾಧಾರಣ. ಅಂಕ ಕಳೆಯಬೇಕಾದದ್ದು ಸಮಯಪಾಲನೆಗೆ. ಆದರೆ ಆ ತಪ್ಪನ್ನು ಹೋಟೆಲಿನ ಮೇಲೆ ಹೊರಿಸಲಾಗದು. 2019ರ ಡಿಸೆಂಬರಿನಲ್ಲಿ ನಗರಕ್ಕೆ ಕರ್ಫ್ಯೂ ಹೇರಿ ಮೊಬೈಲ್ ಇಂಟರ್ನೆಟ್ ಸ್ಥಗಿತಗೊಳಿಸಿದಾಗ, 2022ರ ಆಗಸ್ಟಿನಲ್ಲಿ ಜಿಲ್ಲೆಯ ಅಂಗಡಿಗಳು ಸಂಜೆ 6 ಗಂಟೆಗೇ ಮುಚ್ಚಬೇಕಾಗಿ ಬಂದಾಗ, ಇಂಥ ಹೋಟೆಲುಗಳು ಕಳೆದುಕೊಂಡದ್ದು ತಮ್ಮ ಬದುಕಿನ ಆಧಾರವಾದ ಸಂಜೆಯ ವ್ಯಾಪಾರವನ್ನೇ. ಈಗಲೂ ಎಲ್ಲೋ ಗಲಾಟೆಯಾಗಿದೆಯೆಂಬ ವಾಟ್ಸಾಪ್ ಸಂದೇಶ ಬಂದರೆ ಸಾಕು, ಅದು ನಿಜವೋ ಸುಳ್ಳೋ ತಿಳಿಯುವ ಮೊದಲೇ ಶಟರ್ ಅರ್ಧಕ್ಕೆ ಇಳಿಯುತ್ತದೆ. ಬಸ್ಸು ನಿಂತುಹೋದೀತೆಂದು ಸುರತ್ಕಲ್ ಕಡೆಯ ಸಪ್ಲೈಯರ್ ಅರ್ಧ ದಿನದ ಸಂಬಳ ಬಿಟ್ಟು ಹೊರಡುತ್ತಾನೆ. ಕಲಸಿಟ್ಟ ಹಿಟ್ಟು ಮರುದಿನಕ್ಕೆ ಬಾಯಿಗಿಡಲಾಗದಷ್ಟು ಹುಳಿಯಾಗುತ್ತದೆ. ಕಳೆದ ವಾರ ನಾನು ಕುಳಿತಿದ್ದಾಗಲೂ ಯಜಮಾನರು ಬಂದು, "ಇವತ್ತು ಬೇಗ ಬಾಗಿಲು ಹಾಕ್ತೇವೆ ಮಾರಾಯ್ರೆ, ಕಟ್ಟಿ ಕೊಡ್ಲಾ?" ಎಂದು ಸಂಕೋಚದಿಂದ ಕೇಳಿದರು. ಹೋಗುವವರು ಐದರೊಳಗೆ ಹೋಗುವುದು ಒಳ್ಳೆಯದು. ಪಾರ್ಸೆಲಿನಲ್ಲಿ ಆ ಗರಿ ಉಳಿಯುವುದಿಲ್ಲ.