ಫೆದರ್ ಡಸ್ಟರ್ ಹುಳಕ್ಕೆ ಹಸಿರು ಬಾಟಲಿ: ಎಂಟು ತಿಂಗಳು ಬಳಸಿದ ಮೇಲೆ

ಕಾಸರಗೋಡು ಪೇಟೆಯ ಅಕ್ವೇರಿಯಂ ಅಂಗಡಿಯೊಂದರಿಂದ ನನ್ನ ಫೆದರ್ ಡಸ್ಟರ್ ಹುಳಕ್ಕೆ ಆಹಾರವಾಗಿ ಬಾಟಲಿಯಲ್ಲಿ ಜೀವಂತ ಫೈಟೋಪ್ಲಾಂಕ್ಟನ್ (ನೀರಲ್ಲಿ ತೇಲುವ ಸೂಕ್ಷ್ಮ ಪಾಚಿ) ತರುತ್ತಿದ್ದೇನೆ. ಕೊಳವೆಯೊಳಗೆ ಇದ್ದುಕೊಂಡು ಗರಿಯಂಥ ಕಿರೀಟವನ್ನು ಹೊರಗೆ ಬಿಚ್ಚುವ ಕಡಲ ಹುಳ ಇದು. ಬಾಟಲಿಯಲ್ಲಿರುವುದು ನ್ಯಾನೋಕ್ಲೋರಾಪ್ಸಿಸ್ ಎಂಬ ಪಾಚಿ. ಅರ್ಧ ಲೀಟರಿಗೆ 450 ರೂಪಾಯಿ. ನನ್ನದು ಕುಂಬಳೆಯ ಮನೆಯಲ್ಲಿ 150 ಲೀಟರಿನ ರೀಫ್ ಟ್ಯಾಂಕ್, ಅಂದರೆ ಹವಳದಂಥ ಕಡಲ ಜೀವಿಗಳನ್ನು ಸಾಕುವ ಉಪ್ಪುನೀರಿನ ತೊಟ್ಟಿ.

ನನ್ನ ಮೊದಲ ಹುಳ ಹಸಿವಿನಿಂದ ಸತ್ತಿತು. ಮೀನಿನ ಕಾಳೇ ಸಾಕು ಅಂದುಕೊಂಡಿದ್ದೆ. ಆದರೆ ಇದು ಗರಿ ಬಿಚ್ಚಿ, ನೀರಲ್ಲಿ ತೇಲಿಬರುವ ಪುಡಿಪುಡಿ ಕಣಗಳನ್ನು ಸೋಸಿ ತಿನ್ನುವ ಜೀವಿ. ಕಾಳು ಅದಕ್ಕೆ ತೀರಾ ದೊಡ್ಡದು. ಎರಡು ತಿಂಗಳಲ್ಲಿ ಗರಿ ಚಿಕ್ಕದಾಗುತ್ತಾ ಬಂತು. ಒಂದು ಬೆಳಿಗ್ಗೆ ಹುಳ ಕೊಳವೆ ಬಿಟ್ಟು ಮರಳಿನ ಮೇಲೆ ಬಿದ್ದಿತ್ತು. ತುಂಬಾ ಸಂಕಟವಾಯಿತು.

ಎರಡನೆಯದಕ್ಕೆ ದಿನ ಬಿಟ್ಟು ದಿನ ಬಾಟಲಿಯ ಈ ಹಸಿರು ನೀರು 10 ಮಿಲಿ. ಮೊದಲು ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕಸ ತೆಗೆಯುವ ಯಂತ್ರ) ಅರ್ಧ ಗಂಟೆ ಆಫ್ ಮಾಡುತ್ತೇನೆ, ಇಲ್ಲದಿದ್ದರೆ ಹಾಕಿದ್ದೆಲ್ಲ ಅದೇ ಎಳೆದುಕೊಳ್ಳುತ್ತದೆ. ಅಲೆ ಪಂಪ್ ಮಾತ್ರ ಓಡುತ್ತಿರಬೇಕು. ಪಿಪೆಟ್‌ನಲ್ಲಿ ಸ್ವಲ್ಪ ದೂರದಿಂದ ಬಿಡಬೇಕು. ಹುಳದ ಮೇಲೇ ಚಿಮ್ಮಿಸಿದರೆ ಅದು ಸಟಕ್ಕನೆ ಕೊಳವೆಯೊಳಗೆ ಸೇರಿಕೊಳ್ಳುತ್ತದೆ. ಆಸೆಗೆ ಬಿದ್ದು ಜಾಸ್ತಿ ಹಾಕಬೇಡಿ, ಉಳಿದದ್ದು ಕೊಳೆತು ನೀರಲ್ಲಿ ನೈಟ್ರೇಟ್ ಎಂಬ ಕಲ್ಮಶ ಏರುತ್ತದೆ.

ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಪೂರ್ತಿ ಕರೆಂಟು ಇರಲಿಲ್ಲ. ನೀರು 31 ಡಿಗ್ರಿ ಮುಟ್ಟಿತು. ಸಂಜೆ ನೋಡಿದರೆ ಗರಿಯೆಲ್ಲ ಉದುರಿ ಮರಳಲ್ಲಿತ್ತು, ಕೊಳವೆ ಖಾಲಿಯ ಹಾಗೆ ಕಾಣುತ್ತಿತ್ತು. ತೆಗೆದು ಬಿಸಾಡಲು ಹೊರಟಿದ್ದೆ. ಅಂಗಡಿಯ ಹುಡುಗನಿಗೆ ಫೋನ್ ಮಾಡಿದೆ. "ಬಿಸಾಡಬೇಡಿ ಟೀಚರೇ. ಕೊಳವೆ ಹಿಡಿದರೆ ಗಟ್ಟಿ ಇದೆಯಲ್ವಾ? ಹಾಗಾದರೆ ಒಳಗೆ ಹುಳ ಇದೆ. ಮೂರು ವಾರ ಕಾಯಿರಿ, ಹಸಿರು ನೀರು ನಿಲ್ಲಿಸಬೇಡಿ" ಎಂದ. ಹತ್ತೊಂಬತ್ತನೇ ದಿನ ಬೆರಳಿನ ಉಗುರಿನಷ್ಟು ಗರಿ ಹೊರಗೆ ಬಂತು! ಅಮ್ಮನನ್ನು ಕರೆದು ತೋರಿಸಿದೆ. ಈಗ ಮೊದಲಿನಷ್ಟೇ ಅಗಲ ಅರಳುತ್ತದೆ, ಕೊಳವೆಯೂ ಎರಡು ಬೆರಳು ಉದ್ದವಾಗಿದೆ. ಮಾರುವುದಷ್ಟೇ ಅಲ್ಲ, ಮಾರಿದ್ದು ಬದುಕಲಿ ಎಂದು ನೋಡುವ ಅಂಗಡಿ ಇದು.

ಬಾಟಲಿ ಫ್ರಿಜ್‌ನಲ್ಲೇ ಇರಬೇಕು, ದಿನಕ್ಕೊಮ್ಮೆ ಕುಲುಕಬೇಕು. ಒಳ್ಳೆಯದಕ್ಕೆ ಕಡಲಿನ ವಾಸನೆ ಇರುತ್ತದೆ. ಹಿಂದೊಮ್ಮೆ ಬೇರೊಂದು ಕಡೆಯಿಂದ ಕೊರಿಯರಿನಲ್ಲಿ ತರಿಸಿದ್ದೆ. ಐಸ್ ಇಲ್ಲದೆ ಬಿಸಿಯಾಗಿ ಬಂತು, ಕೊಳೆತ ಮೊಟ್ಟೆಯ ನಾತ. ಹಾಗಾಗಿ ಬೇಸಿಗೆಯಲ್ಲಿ ಥರ್ಮಾಕೋಲ್ ಡಬ್ಬಿ ಹಿಡಿದು ನಾನೇ ಬಸ್ಸಲ್ಲಿ ಹೋಗಿ ತರುತ್ತೇನೆ.