ಸೌಂಡ್ ಚೆನ್ನಾಗಿದೆ, ಹೆಸರುಗಳೇ ತಪ್ಪು

ಈ ಸ್ಟ್ರೀಮಿಂಗ್ ಆ್ಯಪ್‌ನ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವಿಭಾಗಕ್ಕೆ ನಾನು ಐದರಲ್ಲಿ ಎರಡೂವರೆ ಸ್ಟಾರ್ ಕೊಡುತ್ತೇನೆ. ಆ ಎರಡೂವರೆಯೂ ಸೌಂಡ್‌ಗೇ. ಕಳೆದದ್ದೆಲ್ಲ ಬರವಣಿಗೆಗೆ. ಆ್ಯಪ್‌ನ ಹೆಸರು ಹೇಳುತ್ತಿಲ್ಲ. ನೀವು ಬಳಸುವ ಆ್ಯಪ್ ಯಾವುದೇ ಇರಲಿ, ಇಲ್ಲಿ ಹೇಳಿದ್ದನ್ನು ಅದರಲ್ಲೂ ಒಮ್ಮೆ ನೋಡಿಕೊಳ್ಳಿ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ರೆಕಾರ್ಡಿಂಗ್‌ಗಳು ಬೇಕಾದಷ್ಟಿವೆ. ಒಂದೇ ಸಿಂಫನಿಯನ್ನು (ಆರ್ಕೆಸ್ಟ್ರಾಗೆ ಬರೆದ ದೊಡ್ಡ ಕೃತಿ) ಬೇರೆ ಬೇರೆ ಕಂಡಕ್ಟರ್‌ಗಳು, ಅಂದರೆ ಆರ್ಕೆಸ್ಟ್ರಾ ನಿರ್ದೇಶಕರು, ಹೇಗೆ ನಡೆಸುತ್ತಾರೆ ಅಂತ ಪಕ್ಕಪಕ್ಕದಲ್ಲೇ ಕೇಳಬಹುದು. ಒಳ್ಳೆಯ ಹೆಡ್‌ಫೋನ್ ಹಾಕಿದರೆ ಪಿಯಾನೋದ ಒಂದು ಸ್ವರ ಪೂರ್ತಿ ಆರಿಹೋಗುವ ತನಕ ಕಿವಿಗೆ ಸಿಗುತ್ತದೆ.

ತೊಂದರೆ ಶುರುವಾಗುವುದು ಪರದೆಯ ಮೇಲಿನ ಅಕ್ಷರ ಓದಿದಾಗ. ನಾನು ಪಿಯಾನೋ ಕಲಿಸುವವಳು. ನನ್ನ ವಿದ್ಯಾರ್ಥಿಗಳು ಇದನ್ನೇ ಓದಿ ಕಲಿಯುತ್ತಾರೆ ಅನ್ನುವುದೇ ನನ್ನ ಚಿಂತೆ.

ಬೀಥೋವನ್‌ನ ಐದನೇ ಸಿಂಫನಿ ತೆಗೆಯಿರಿ. ನಾಲ್ಕನೇ ಮೂವ್‌ಮೆಂಟ್, ಅಂದರೆ ಕೊನೆಯ ಭಾಗ, ಭರ್ಜರಿಯಾಗಿ ಶುರುವಾಗುವ ಜಾಗದಲ್ಲಿ ಆ್ಯಪ್‌ನ ಟಿಪ್ಪಣಿ 'ಸಂಗೀತ ಇಲ್ಲಿ ಕ್ರೆಶೆಂಡೊ ತಲುಪುತ್ತದೆ' ಅನ್ನುತ್ತದೆ. ಅಲ್ಲ. ಅಲ್ಲಿಗೆ ಕ್ರೆಶೆಂಡೊ ಮುಗಿದಿರುತ್ತದೆ. ಸದ್ದು ಸ್ವಲ್ಪ ಸ್ವಲ್ಪವಾಗಿ ಏರುತ್ತಾ ಹೋಗುವುದು ಕ್ರೆಶೆಂಡೊ, ಏರಿ ನಿಂತ ಜಾಗವಲ್ಲ. ಅದು ಇರುವುದು ಹಿಂದಿನ ಮೂವ್‌ಮೆಂಟ್‌ನ ಕೊನೆಯಲ್ಲಿ. ತಂತಿವಾದ್ಯಗಳು ಉಸಿರು ಹಿಡಿದಂತೆ ಒಂದೇ ಸದ್ದನ್ನು ಹಿಡಿದಿರುತ್ತವೆ. ಕೆಳಗೆ ಟಿಂಪನಿ ಅನ್ನುವ ದೊಡ್ಡ ಡ್ರಮ್ ಮೆಲ್ಲಗೆ ಬಡಿಯುತ್ತಿರುತ್ತದೆ, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ. ವಯಲಿನ್‌ಗಳು ಹುಡುಕಿಕೊಂಡು ಮೇಲೆ ಹತ್ತುತ್ತವೆ. ಕೊನೆಯ ಕೆಲವೇ ಬಾರ್‌ಗಳಲ್ಲಿ (ತಾಳದ ಆವರ್ತಗಳಲ್ಲಿ) ಎಲ್ಲ ಸೇರಿ ಉಬ್ಬಿ, ಎಲ್ಲೂ ನಿಲ್ಲದೆ ನಾಲ್ಕನೇ ಮೂವ್‌ಮೆಂಟ್‌ನ ಸಿ ಮೇಜರ್ ಸ್ವರಶ್ರೇಣಿಗೆ ನುಗ್ಗುತ್ತದೆ. ಈ ಸಿಂಫನಿಯಲ್ಲಿ ಟ್ರೊಂಬೋನ್ ಅನ್ನುವ ಹಿತ್ತಾಳೆ ವಾದ್ಯಗಳು ಮೊದಲ ಸಲ ಬಾಯಿ ತೆರೆಯುವುದೂ ಆಗಲೇ.

ಈ ಆ್ಯಪ್ ಮೂರು ಮತ್ತು ನಾಲ್ಕನೇ ಮೂವ್‌ಮೆಂಟ್‌ಗಳ ನಡುವೆ ಸದ್ದೇ ಇಲ್ಲದ ಗ್ಯಾಪ್ ಕೊಡುತ್ತದೆ. ಏರುತ್ತಾ ಬಂದದ್ದು ಬಾಗಿಲ ಹತ್ತಿರ ಬಂದು ಕತ್ತರಿಸಿ ಹೋಗುತ್ತದೆ. ಕ್ರೆಶೆಂಡೊ ಅಂದರೆ ಏನು ಅಂತ ಗೊತ್ತಿದ್ದವರು ಯಾರಾದರೂ ಒಮ್ಮೆ ಕೂತು ಕೇಳಿದ್ದರೆ ಇದನ್ನು ಹೀಗೇ ಬಿಡುತ್ತಿರಲಿಲ್ಲ, ಅಲ್ವಾ? ನನಗೆ ನಿಜವಾಗಿ ಬೇಜಾರಾದದ್ದು ಇದಕ್ಕೇ.

ರಾವೆಲ್‌ನ 'ಬೊಲೆರೊ' ಪುಟದಲ್ಲಿ 'ವೇಗ ಹೆಚ್ಚುತ್ತಾ ಹೋಗುವ ಕೃತಿ' ಅಂತಿದೆ. 1928ರ ಈ ಕೃತಿ ಸುಮಾರು ಹದಿನೈದು ನಿಮಿಷ ಒಂದೇ ಲಯದಲ್ಲಿ ಸಾಗಬೇಕು. ಏರುವುದು ಸದ್ದು. ಸ್ನೇರ್ ಡ್ರಮ್ ಜೊತೆ ಕೈಯಲ್ಲಿ ತಾಳ ಹಾಕಿ ನೋಡಿ, ನಿಮಗೇ ತಿಳಿಯುತ್ತದೆ.

ಎಲ್ಲವನ್ನೂ 'ಹಾಡು' ಅಂತ ಕರೆಯುವುದು ಇನ್ನೊಂದು ಕಿರಿಕಿರಿ. ನಾಲ್ಕು ಮೂವ್‌ಮೆಂಟ್‌ಗಳ ಸಿಂಫನಿ ಇಲ್ಲಿ 'ನಾಲ್ಕು ಹಾಡುಗಳು'. ಶೂಬರ್ಟ್‌ನ 'ಎರ್ಲ್‌ಕೋನಿಗ್' ಹಾಡು ಹೌದು, ಅಲ್ಲಿ ಗಾಯಕರಿದ್ದಾರೆ, ಕವಿತೆ ಇದೆ. ಸಿಂಫನಿಯ ಮೂವ್‌ಮೆಂಟ್ ಹಾಗಲ್ಲ, ಅದು ದೊಡ್ಡದೊಂದರ ಭಾಗ. ನಾಲ್ಕು ಹಾಡು ಅಂದುಕೊಂಡವರು ಶಫಲ್ ಒತ್ತುವುದು ಸಹಜ. ಆಗ ಕೊನೆಯದು ಮೊದಲು ಬರಬಹುದು. ಬೀಥೋವನ್‌ನ ಪಿಯಾನೋ ಕೃತಿ 'ಮೂನ್‌ಲೈಟ್ ಸೊನಾಟಾ'ದ್ದೂ ಇದೇ ಕಥೆ. ನಿದ್ದೆಗೆ ಅಂತ ಮಾಡಿದ ಪಟ್ಟಿಯಲ್ಲಿ ಮೊದಲ ಮೂವ್‌ಮೆಂಟ್ ಒಂದನ್ನೇ ಹಾಕಿ, ಅದನ್ನೇ ಪೂರ್ತಿ ಸೊನಾಟಾ ಅಂತ ತೋರಿಸಿದ್ದಾರೆ. ಮೂರನೆಯದು ಬಿರುಗಾಳಿ ಥರ ಇದೆ, ಅದು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಅಂದ ಹಾಗೆ, ಮೂನ್‌ಲೈಟ್ ಅನ್ನುವ ಹೆಸರು ಬೀಥೋವನ್ ಇಟ್ಟದ್ದಲ್ಲ.

ಕೃತಿಗಳನ್ನು ಗುರುತಿಸುವ ಓಪಸ್ ನಂಬರ್‌ಗಳೂ ಕಲಸಿಹೋಗಿವೆ. ಮೊಟ್ಸಾರ್ಟ್‌ನ 'ಐನೆ ಕ್ಲೈನೆ ನಾಖ್ಟ್‌ಮ್ಯೂಸಿಕ್' ಮುಂದೆ 'ಓಪಸ್ 525' ಅಂತಿದೆ. ಅದು ಕೆ. 525. ಕೆ ಅಂದರೆ ಕ್ಯೋಖೆಲ್, 1862ರಲ್ಲಿ ಮೊಟ್ಸಾರ್ಟ್ ಕೃತಿಗಳ ಪಟ್ಟಿ ಪ್ರಕಟಿಸಿದವರು. ಸರಿಯಾದ ನಂಬರ್ ಗೊತ್ತಿದ್ದರೆ ಬೇಕಾದ ಕೃತಿ ಒಂದೇ ಹುಡುಕಾಟಕ್ಕೆ ಸಿಗುತ್ತದೆ. ಸುಮ್ನೆ 'ಅಲೆಗ್ರೊ' ಅಂತ ಹುಡುಕಿದರೆ ಕೊನೆಯಿಲ್ಲದ ಸಾಲು ಬರುತ್ತದೆ, ಯಾಕೆಂದರೆ ಅಲೆಗ್ರೊ ಬರೀ ವೇಗದ ಸೂಚನೆ.

ಸಂಯೋಜಕರ ಹೆಸರಿನಲ್ಲೂ ತಪ್ಪಿದೆ. ಎಲ್ಲರಿಗೂ ಗೊತ್ತಿರುವ ಜಿ ಮೈನರ್ ಅಡಾಜಿಯೊ (ನಿಧಾನಗತಿಯ ಕೃತಿ) ಇಲ್ಲಿ ಆಲ್ಬಿನೋನಿ ಹೆಸರಲ್ಲಿದೆ, ಬರೋಕ್ ವಿಭಾಗದಲ್ಲಿ, ಅಂದರೆ ಹದಿನೇಳು-ಹದಿನೆಂಟನೇ ಶತಮಾನದ ಸಂಗೀತದ ಜೊತೆ. ಬರೆದವರು ರೆಮೋ ಜಾಜೊಟ್ಟೊ, ಪ್ರಕಟವಾದದ್ದು 1958ರಲ್ಲಿ. ಇದನ್ನು ಸಪೋರ್ಟ್‌ಗೆ ಬರೆದು ಕಳಿಸಿದೆ. ಧನ್ಯವಾದ ಹೇಳಿದರು, ಪುಟ ಮಾತ್ರ ಹಾಗೇ ಇದೆ.

ಈಗಾಗಲೇ ಚಂದಾ ಕಟ್ಟಿದವರು ಇಷ್ಟು ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಗ್ಯಾಪ್‌ಲೆಸ್ (ನಡುವೆ ಗ್ಯಾಪ್ ಇಲ್ಲದೆ ನುಡಿಸುವ ಆಯ್ಕೆ) ಅನ್ನುವುದು ಒಳಗೆಲ್ಲೋ ಅಡಗಿದೆ, ಹುಡುಕಿ ಆನ್ ಮಾಡಿ. ಶಫಲ್ ಆಫ್ ಇರಲಿ. ಮೂಡ್ ಪಟ್ಟಿಗಳನ್ನು ಬಿಟ್ಟು ಪೂರ್ತಿ ಆಲ್ಬಂ ತೆಗೆಯಿರಿ. ಟಿಪ್ಪಣಿಗಳನ್ನು ಓದಲೇಬೇಡಿ. ಸಂಗೀತದ ಪರಿಚಯ ಇದ್ದವರಿಗೆ ಹೀಗೆ ಬಳಸಿದರೆ ನಡೆಯುತ್ತದೆ. ಈಗಷ್ಟೇ ಕೇಳಲು ಶುರು ಮಾಡಿದವರಿಗೆ, ಅದರಲ್ಲೂ ಮಕ್ಕಳಿಗೆ, ಟಿಪ್ಪಣಿ ಸರಿಯಾಗುವವರೆಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ.